ತಾಯಿಯ ನಿದ್ದೆಯ ಲೆಕ್ಕ ಇಟ್ಟವರಾರು?

ಹೆರಿಗೆಯಾಗಿ ಮೂರು ದಿನ ಕಳೆಯುವಷ್ಟರಲ್ಲಿ ಎಷ್ಟೋ ತಾಯಂದಿರಿಗೆ ಸುಮ್ಮಸುಮ್ಮನೆ ಅಳು ಬರುತ್ತದೆ. ಖುಷಿಪಡುವ ಹೊತ್ತಿನಲ್ಲಿ ಅಳುವುದೇಕೆ ಎಂದು ಸುತ್ತಲಿನವರು ಕೇಳುತ್ತಾರೆ. ಅವಳ ದೇಹದಲ್ಲಿ ನಡೆಯುತ್ತಿರುವುದು ತಿಳಿದಿದ್ದರೆ ಕೇಳುತ್ತಿರಲಿಲ್ಲ. ಗರ್ಭ ಬೆಳೆದಂತೆ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳನ್ನು ಹೇರಳವಾಗಿ ತಯಾರಿಸುತ್ತಿದ್ದುದು ಮಾಸು. ಅದು ಹೊರಬಿದ್ದ ಕೆಲವೇ ದಿನಗಳಲ್ಲಿ ಅವೆರಡರ ಮಟ್ಟ ಕುಸಿಯುತ್ತದೆ. ಪ್ರೊಜೆಸ್ಟರಾನಿನಿಂದ ದೇಹ ತಯಾರಿಸಿಕೊಳ್ಳುವ, ಮಿದುಳಿನ ಕಳವಳವನ್ನು ತಣಿಸುವ ಅಲೋಪ್ರೆಗ್ನನಲೋನ್ ಎಂಬ ವಸ್ತುವೂ ಜತೆಗೇ ಇಳಿಯುತ್ತದೆ. ಈ ತಿಳಿವಳಿಕೆಯಿಂದಲೇ ರೂಪುಗೊಂಡ, ಹೆರಿಗೆಯ ನಂತರದ ಖಿನ್ನತೆಗೆ ಕೊಡುವ ಜುರಾನೊಲೋನ್ ಎಂಬ ಮಾತ್ರೆಗೆ ಅಮೆರಿಕದಲ್ಲಿ 2023ರಲ್ಲಿ ಅನುಮತಿ ದೊರೆಯಿತು.

ಅರ್ಧಕ್ಕಿಂತ ಹೆಚ್ಚು ತಾಯಂದಿರನ್ನು ಕಾಡುವ ಈ ಅಳು ಸಾಮಾನ್ಯವಾಗಿ ಎರಡು ವಾರದೊಳಗೆ ತಾನಾಗಿ ನಿಲ್ಲುತ್ತದೆ. ಅದಾದ ಮೇಲೂ ಮಂಕು ಕವಿದೇ ಇದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ಮಗು ಮಲಗಿದಾಗಲೂ ನಿದ್ದೆ ಬಾರದಿದ್ದರೆ ಅದು ಖಿನ್ನತೆಯಾಗಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಹೆರಿಗೆಯ ನಂತರ ಸುಮಾರು ಶೇ 13ರಷ್ಟು ಮಹಿಳೆಯರು ಮಾನಸಿಕ ತೊಂದರೆ ಅನುಭವಿಸುತ್ತಾರೆ. ಅದರಲ್ಲಿ ಹೆಚ್ಚಿನದು ಖಿನ್ನತೆಯೇ. ತಂದೆಯರಿಗೂ ಇದು ಬರುತ್ತದೆ. ಅವರಲ್ಲಿ ಅದು ಅನೇಕ ವೇಳೆ ಸಿಡುಕಾಗಿ, ಮನೆಯಿಂದ ದೂರ ಉಳಿಯುವ ನೆಪವಾಗಿ ಕಾಣಿಸಿಕೊಳ್ಳುವುದರಿಂದ ಯಾರೂ ಗುರುತಿಸುವುದಿಲ್ಲ.

ಮಗು ಮಲಗಿದಾಗ ನೀವೂ ಮಲಗಿ ಎನ್ನುವುದು ಎಲ್ಲರೂ ಕೊಡುವ ಸಲಹೆ. ನನಗೆ ಅದು ಸಾಲದೆನಿಸುತ್ತದೆ. ನವಜಾತ ಶಿಶು ಎರಡು ಮೂರು ಗಂಟೆಗೊಮ್ಮೆ ಏಳುತ್ತದೆ. ಹಾಗೆ ತುಂಡುತುಂಡಾದ ನಿದ್ದೆಯನ್ನು ಎಷ್ಟು ಕೂಡಿಸಿದರೂ ಒಂದೇ ಪಟ್ಟಿನ ನಿದ್ದೆಗೆ ಸಮವಾಗದು. ದಣಿದ ಮಿದುಳಿಗೆ ಸಣ್ಣ ತೊಡಕೂ ಬೆಟ್ಟವಾಗಿ ಕಾಣುತ್ತದೆ. ಆದ್ದರಿಂದ ರಾತ್ರಿ ನಾಲ್ಕೈದು ಗಂಟೆ ಮಗುವಿನ ಪೂರ್ತಿ ಹೊಣೆಯನ್ನು ಇನ್ನೊಬ್ಬರು ಹೊರಬೇಕು. ಎದೆಹಾಲನ್ನು ಮೊದಲೇ ತೆಗೆದಿಟ್ಟರೆ ಆ ಹೊತ್ತಿನ ಹಾಲನ್ನು ಅವರೇ ಕುಡಿಸಬಹುದು. ಇದನ್ನು ಉಪಕಾರವೆಂದಲ್ಲ, ಚಿಕಿತ್ಸೆಯ ಭಾಗವೆಂದೇ ಎಣಿಸಬೇಕು.

ಇನ್ನೊಂದು ಸಂಗತಿಯನ್ನು ಹೆತ್ತವರು ನಾಚಿಕೆಯಿಂದ ಬಚ್ಚಿಡುತ್ತಾರೆ. ಮಗು ಕೈಜಾರಿ ಬಿದ್ದಂತೆ, ತಾವೇ ಅದಕ್ಕೆ ನೋವು ಮಾಡಿದಂತೆ ಕೆಟ್ಟ ಚಿತ್ರಗಳು ಬೇಡವೆಂದರೂ ಮನಸ್ಸಿಗೆ ನುಗ್ಗುತ್ತವೆ. ಹೊಸ ತಂದೆತಾಯಿಯರಲ್ಲಿ ಇದು ಬಹಳ ಸಾಮಾನ್ಯ. ಆ ಯೋಚನೆಗೆ ನೀವು ಬೆಚ್ಚಿಬೀಳುತ್ತೀರಿ ಎಂದರೆ ಅದು ನಿಮ್ಮ ಬಯಕೆಯಲ್ಲ ಎಂದೇ ಅರ್ಥ. ಅದು ಬಿಡದೆ ಕಾಡಿದರೆ ವೈದ್ಯರಿಗೆ ಹೇಳಿ, ಅದಕ್ಕೂ ಚಿಕಿತ್ಸೆಯಿದೆ. ಬಾಣಂತಿ ಸನ್ನಿಯ ಮಾತು ಬೇರೆ. ಸಾವಿರದಲ್ಲಿ ಒಬ್ಬಿಬ್ಬರಿಗೆ ಬರುವ ಅದರಲ್ಲಿ ಇಲ್ಲದ ದನಿಗಳು ಕೇಳಿಸುತ್ತವೆ, ಭ್ರಮೆ ನಿಜವೆನಿಸುತ್ತದೆ. ಆಗ ತಾಯಿಯನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಸಾಯುವ ಯೋಚನೆ ಬಂದರೂ ಅಷ್ಟೇ, ತಡ ಮಾಡಬಾರದು.

ಖಿನ್ನತೆಯನ್ನು ಗುರುತಿಸಲು ಎಡಿನ್‌ಬರ್ಗ್ ಮಾಪಕ ಎಂಬ ಪ್ರಶ್ನಾವಳಿ 1987ರಿಂದಲೂ ಇದೆ. ಕಳೆದ ಏಳು ದಿನಗಳ ಬಗ್ಗೆ ಹತ್ತು ಪ್ರಶ್ನೆಗಳು, ಉತ್ತರಿಸಲು ಐದು ನಿಮಿಷ ಸಾಕು. ಮಗುವಿಗೆ ಲಸಿಕೆ ಹಾಕಿಸಲು ಹೋದಾಗಲೇ ಅದನ್ನು ಕೇಳಿ ಪಡೆಯಬಹುದು. ಆಪ್ತಸಮಾಲೋಚನೆಯಿಂದಲೇ ಅನೇಕರು ಚೇತರಿಸಿಕೊಳ್ಳುತ್ತಾರೆ. ಔಷಧಿ ಬೇಕಾದರೂ ಹಾಲೂಡಿಸುವುದನ್ನು ಬಿಡಬೇಕಾಗುತ್ತದೆಂದು ಹೆದರಬೇಕಿಲ್ಲ. ವೈದ್ಯರು ಹೆಚ್ಚಾಗಿ ಆರಿಸುವ ಸರ್ಟ್ರಾಲಿನ್ ಎದೆಹಾಲಿಗೆ ಸೇರುವುದು ತೀರಾ ಅಲ್ಪ ಪ್ರಮಾಣದಲ್ಲಿ.