ಅವರ ನೋವು ನಿಮ್ಮ ವಾದಕ್ಕೆ ಸರಕಲ್ಲ

ಕ್ಯಾಲಿಫೋರ್ನಿಯಾದಲ್ಲಿ ಸಲಿಂಗಿಗಳ ಹಕ್ಕಿಗಾಗಿ ಮನೆಮನೆಗೆ ಹೋಗಿ ಮತ ಕೇಳುವ ಸ್ವಯಂಸೇವಕರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಪ್ರತಿ ತಂಡದಲ್ಲೂ ಯಾರಾದರೊಬ್ಬರು ಈ ಮಾತು ಎತ್ತಿಯೇ ಎತ್ತುತ್ತಾರೆ: "ಕಪ್ಪು ಜನ ಅಷ್ಟೆಲ್ಲ ಅನುಭವಿಸಿದವರು, ನಮ್ಮ ಕಷ್ಟ ಅವರಿಗಾದರೂ ಅರ್ಥವಾಗಬೇಕಲ್ವಾ?" ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಇದನ್ನೇ ಒಬ್ಬರ ಹೊಸ್ತಿಲಲ್ಲಿ ನಿಂತು ಹೇಳಿದರೆ ಹೋದ ಕೆಲಸ ಅಲ್ಲಿಗೇ ಕೆಟ್ಟಿತು. ಎಷ್ಟು ಸಲ ಹೇಳಿದರೂ ಇದು ತಲೆಗೆ ಹತ್ತುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇದರ ಬೇರು 2008ರಲ್ಲಿದೆ. ಒಬಾಮಾ ಗೆದ್ದ ದಿನವೇ ಇಲ್ಲಿ ಸಲಿಂಗ ವಿವಾಹವನ್ನು ನಿಷೇಧಿಸುವ ಪ್ರೊಪೊಸಿಷನ್ 8 (ಮತದಾರರ ಮುಂದಿಟ್ಟ ಪ್ರಸ್ತಾವ) ಕೂಡ ಶೇ. 52 ಮತ ಪಡೆದು ಗೆದ್ದಿತು. ಕಪ್ಪು ಮತದಾರರಲ್ಲಿ ಶೇ. 70 ಮಂದಿ ನಿಷೇಧದ ಪರ ಎಂದು ಮತಗಟ್ಟೆ ಸಮೀಕ್ಷೆ ಹೇಳಿದ್ದೇ ತಡ, ಸೋಲಿನ ಹೊಣೆಯೆಲ್ಲ ಅವರ ತಲೆಗೆ ಬಂತು. ಎರಡೇ ತಿಂಗಳಲ್ಲಿ ಪ್ಯಾಟ್ರಿಕ್ ಈಗನ್, ಕೆನೆತ್ ಶೆರಿಲ್ ಎಂಬ ಇಬ್ಬರು ರಾಜ್ಯಶಾಸ್ತ್ರಜ್ಞರು ಲೆಕ್ಕ ತೆಗೆದು ನೋಡಿದರೆ, ಆ ಪ್ರಮಾಣ ಶೇ. 58ರ ಆಸುಪಾಸಿನಲ್ಲಿತ್ತು. ವಾರವಾರವೂ ಪ್ರಾರ್ಥನೆಗೆ ಹೋಗುವವರಲ್ಲಿ ಬಿಳಿಯರೂ ಸೇರಿ ಎಲ್ಲ ಜನಾಂಗದವರೂ ಬಹುಪಾಲು ನಿಷೇಧಕ್ಕೇ ಮತ ಹಾಕಿದ್ದರು. ಬಣ್ಣಕ್ಕಿಂತ ವಯಸ್ಸು, ಪಕ್ಷ, ಧರ್ಮಶ್ರದ್ಧೆ ಹೆಚ್ಚು ಕೆಲಸ ಮಾಡಿದ್ದವು. ಆದರೂ ಜನರ ಬಾಯಲ್ಲಿ ಉಳಿದಿರುವುದು ಆ 70 ಮಾತ್ರ.

ಈಗ ಮುಖ್ಯ ಮಾತಿಗೆ ಬರುತ್ತೇನೆ. "ನಿಮಗೆ ಅರ್ಥವಾಗಬೇಕು" ಎಂದಾಗ ಎದುರಿನವರಿಗೆ ಕೇಳಿಸುವುದೇ ಬೇರೆ. ಅವರ ಅಜ್ಜ ಅಜ್ಜಿ ಪಟ್ಟ ಪಾಡು ಒಂದು ಸಾಲವಿದ್ದಂತೆ, ಅದನ್ನು ವಸೂಲಿ ಮಾಡಲು ನೀವು ಬಂದಂತೆ ಕೇಳಿಸುತ್ತದೆ. ಅದಕ್ಕಿಂತ ದೊಡ್ಡ ತಪ್ಪೊಂದು ಆ ಮಾತಿನೊಳಗೇ ಅಡಗಿದೆ: ಸಲಿಂಗಿಗಳೆಂದರೆ ಬಿಳಿಯರು, ಕಪ್ಪು ಜನರೆಂದರೆ ಬೇರೆಯವರು ಎಂಬ ಎಣಿಕೆ. ಬಾಗಿಲು ತೆರೆದವರ ಮಗಳೋ ತಮ್ಮನೋ ಸಲಿಂಗಿಯಾಗಿರಬಹುದು, ಸ್ವತಃ ಅವರೇ ಆಗಿರಬಹುದು. ಕಪ್ಪು ಜನರ ಹಕ್ಕಿಗಾಗಿ ನಡೆದ 1963ರ ವಾಷಿಂಗ್ಟನ್ ಮೆರವಣಿಗೆಯನ್ನು ಕಟ್ಟಿ ನಿಲ್ಲಿಸಿದ ಕಪ್ಪು ನಾಯಕ ಬೇಯಾರ್ಡ್ ರಸ್ಟಿನ್ ಸಲಿಂಗಿ. ಮೆರವಣಿಗೆಗೆ ಕೆಲವೇ ದಿನವಿರುವಾಗ ಸೆನೆಟರ್ ಸ್ಟ್ರಾಮ್ ಥರ್ಮಂಡ್, ಸಲಿಂಗ ಸಂಬಂಧದ ಕಾರಣಕ್ಕೆ ಆಗಿದ್ದ ರಸ್ಟಿನ್ ಅವರ 1953ರ ಬಂಧನವನ್ನು ಸೆನೆಟ್‌ನಲ್ಲಿ ಎತ್ತಿ ಮಾನ ಕಳೆಯಲು ನೋಡಿದ. ಹಿರಿಯ ಕಾರ್ಮಿಕ ನಾಯಕ ಎ. ಫಿಲಿಪ್ ರ‍್ಯಾಂಡಾಲ್ಫ್ ರಸ್ಟಿನ್ ಅವರನ್ನು ಬಿಟ್ಟುಕೊಡಲಿಲ್ಲ. ಇಂಥ ಚರಿತ್ರೆ ಇರುವ ಸಮುದಾಯಕ್ಕೆ ಸಮಾನತೆಯ ಪಾಠ ಹೇಳಲು ಹೊರಗಿನಿಂದ ಹೋಗುವುದು ನನಗೆ ಸರಿ ಕಾಣುವುದಿಲ್ಲ.

2024ರಲ್ಲಿ, ಕ್ಯಾಲಿಫೋರ್ನಿಯಾದ ಸಂವಿಧಾನದಲ್ಲಿ ಉಳಿದುಹೋಗಿದ್ದ ಆ ನಿಷೇಧದ ಸಾಲನ್ನು ತೆಗೆಯಲು ಪ್ರೊಪೊಸಿಷನ್ 3 ಮತಕ್ಕೆ ಬಂತು. ಫ್ರೀಮಾಂಟ್‌ನ ಕನ್ನಡದ ಹುಡುಗನೊಬ್ಬ, ಕಪ್ಪು ಜನ ಬಹಳ ಇರುವ ಓಕ್‌ಲ್ಯಾಂಡ್‌ಗೇ ಹೋಗುತ್ತೇನೆಂದು ಹಟ ಹಿಡಿದ. ಒಂದು ಮನೆಯಲ್ಲಿ ತರಕಾರಿ ಚೀಲ ಕೈಲಿ ಹಿಡಿದೇ ಬಾಗಿಲು ತೆಗೆದ ಹಿರಿಯ ಕಪ್ಪು ಹೆಂಗಸು ಅವನ ಮಾತನ್ನೆಲ್ಲ ಕೇಳಿಸಿಕೊಂಡು, "ಅದಿರಲಿ ಮಗನೇ, ನಿಮ್ಮ ಅಪ್ಪ ಅಮ್ಮ ಯಾವ ಕಡೆ ಹಾಕ್ತಾರೆ?" ಎಂದರು. ಅವನ ಬಳಿ ಉತ್ತರವಿರಲಿಲ್ಲ. ಮನೆಯಲ್ಲಿ ಅವನು ಈ ವಿಷಯವನ್ನೇ ಎತ್ತಿರಲಿಲ್ಲ. ಆಕೆ ಮಾತ್ರ ತಮ್ಮ ಸೋದರಳಿಯನ ವಿಷಯ ತೆಗೆದು, ಅವನ ಗೆಳೆಯ ಕ್ರಿಸ್‌ಮಸ್ ಊಟಕ್ಕೆ ಬಂದದ್ದನ್ನೂ ಹೇಳಿ, ಚೀಲ ಕೆಳಗಿಟ್ಟು ಬಹಳ ಹೊತ್ತು ಮಾತಾಡಿದರು.

ಒಳಗಿನವರು ಮಾತಾಡಿದರೆ ಏನಾಗುತ್ತದೆ ಎಂಬುದಕ್ಕೆ ಮೇರಿಲ್ಯಾಂಡ್ ರಾಜ್ಯವಿದೆ. 2012ರ ಮೇ 9ರಂದು ಒಬಾಮಾ ಸಲಿಂಗ ವಿವಾಹಕ್ಕೆ ಬೆಂಬಲ ಘೋಷಿಸಿದರು, 19ರಂದು ಕಪ್ಪು ಜನರ ಹಕ್ಕುಗಳ ಸಂಘಟನೆ ಎನ್‌ಎಎಸಿಪಿ ಅದೇ ಬೆಂಬಲದ ನಿರ್ಣಯ ಮಾಡಿತು. ಡೆಲ್ಮನ್ ಕೋಟ್ಸ್ ಅವರಂಥ ಕಪ್ಪು ಪಾದ್ರಿಗಳು ಟಿವಿ ಜಾಹೀರಾತಿನಲ್ಲಿ ಬಂದು, ನಂಬಿಕೆಯೇ ಬೇರೆ, ಸರ್ಕಾರದ ಕಾನೂನೇ ಬೇರೆ ಎಂದು ತಮ್ಮವರಿಗೆ ತಿಳಿಸಿ ಹೇಳಿದರು. ಆ ನವೆಂಬರ್‌ನಲ್ಲಿ ಜನರ ಮತಕ್ಕೆ ಬಂದ ಅಲ್ಲಿನ ಸಲಿಂಗ ವಿವಾಹದ ಕಾನೂನು ಶೇ. 52 ಮತದಿಂದ ಉಳಿಯಿತು. ಪಾದ್ರಿಗಳಿಂದಲೇ ಗೆದ್ದೆವು ಎಂದು ನಾನು ಹೇಳಲಾರೆ, ಕಾರಣ ಹಲವು. ಆದರೆ ಅದೇ ಮಾತನ್ನು ಹೊರಗಿನವರು ಹೇಳಿದ್ದರೆ ಅಷ್ಟು ತೂಕ ಬರುತ್ತಿರಲಿಲ್ಲ.

ಅಪರಿಚಿತರೂ ಮನಸ್ಸು ಬದಲಿಸಬಲ್ಲರು, ಅದನ್ನು ಅಲ್ಲಗಳೆಯುವುದಿಲ್ಲ. ಮಯಾಮಿಯಲ್ಲಿ ಬ್ರೂಕ್‌ಮನ್, ಕಲ್ಲಾ ಎಂಬ ಸಂಶೋಧಕರು ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಗಿಲಲ್ಲಿ ಸುಮಾರು 10 ನಿಮಿಷ ಆಡಿದ ಮಾತಿನ ಪರಿಣಾಮ 3 ತಿಂಗಳಾದರೂ ಉಳಿದಿತ್ತು. ಅದು ಟ್ರಾನ್ಸ್‌ಜೆಂಡರ್ ಜನರ ಬಗೆಗಿನ ಪೂರ್ವಗ್ರಹದ ಅಧ್ಯಯನ, ಎಲ್ಲದಕ್ಕೂ ಹಾಗೇ ಅನ್ವಯಿಸಬೇಡಿ. ಅಲ್ಲಿ ಸ್ವಯಂಸೇವಕರು ಭಾಷಣ ಮಾಡಲಿಲ್ಲ. ನಿಮ್ಮನ್ನು ಯಾವಾಗಲಾದರೂ ಬೇರೆಯವರಂತೆ ನೋಡಿದ್ದುಂಟೇ ಎಂದು ಕೇಳಿ ಸುಮ್ಮನಾದರು. ಎದುರಿನವರು ತಮ್ಮ ನೋವನ್ನು ತಾವೇ ಹೇಳಿಕೊಳ್ಳುವುದಕ್ಕೂ, ಅದನ್ನು ನೀವು ಅವರಿಗೆ ನೆನಪಿಸುವುದಕ್ಕೂ ಅಜಗಜಾಂತರ.

ಆ ಹುಡುಗನಿಗೆ ನಾನು ಹೇಳಿದ್ದು: "ಫ್ರೀಮಾಂಟ್‌ನಲ್ಲೇ ಶುರು ಮಾಡಪ್ಪ. ನಿಮ್ಮಮ್ಮನ ಹತ್ತಿರ, ಹಬ್ಬಕ್ಕೆ ಬರುವ ಅತ್ತೆ ಮಾವನ ಹತ್ತಿರ ಕೂತು ಮಾತಾಡು. ಆ ಮನೆಗಳಿಗೆ ನನ್ನ ಬೇರೆ ಯಾವ ಸ್ವಯಂಸೇವಕನೂ ಹೋಗಲಾರ." ದಕ್ಷಿಣ ಏಷ್ಯಾದ ಸಲಿಂಗಿಗಳಿಗಾಗಿ ತ್ರಿಕೋನ್ ಸಂಘಟನೆ ಈ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲೇ 1986ರಲ್ಲಿ ಶುರುವಾಯಿತು. ಆದರೂ ಅದೆಷ್ಟೋ ಕನ್ನಡದ ಮನೆಗಳಲ್ಲಿ ಇಂದಿಗೂ ಈ ಮಾತು ಬಂದರೆ ಟಿವಿ ಸದ್ದು ಜೋರಾಗುತ್ತದೆ.

ಒಂದು ಎಚ್ಚರಿಕೆ. ಸ್ವತಃ ಸಲಿಂಗಿಯಾಗಿದ್ದು, ಫೀಸಿಗೋ ವೀಸಾಕ್ಕೋ ಮನೆಯವರನ್ನೇ ನೆಚ್ಚಿಕೊಂಡವರು ಯಾರ ಒತ್ತಾಯಕ್ಕೂ ಮನೆಯಲ್ಲಿ ಬಾಯಿ ಬಿಡಬೇಕಿಲ್ಲ. ಅಂಥವರಿಗೆ ನಾನು ಕರಪತ್ರ ಕನ್ನಡಕ್ಕೆ ತರುವ ಕೆಲಸ ಕೊಡುತ್ತೇನೆ. ಅದಕ್ಕೂ ಜನ ಸಾಲದು.