ಡಿಸ್ಕ್ ಚೆಕ್: ಆನ್ ಮಾಡಿದ ಕೂಡಲೇ ಕಂಪ್ಯೂಟರ್ ನಡೆಸುವ ತಪಾಸಣೆ

ಮುದ್ರಣ ಕಾಶಿ ಎಂದು ಹೆಸರಾದ ಗದಗಿನಲ್ಲಿ ಏಪ್ರಿಲ್, ಮೇ ಬಂತೆಂದರೆ ಲಗ್ನಪತ್ರಿಕೆಗಳ ಸುಗ್ಗಿ. ಗುಡುಗು ಮಿಂಚಿನ ಅಡ್ಡಮಳೆಗೆ ಕರೆಂಟ್ ಹೋಗುವುದೂ ಅದೇ ತಿಂಗಳುಗಳಲ್ಲಿ. ಕರೆಂಟ್ ಬಂದ ಮೇಲೆ ಡಿಟಿಪಿಯವರು ಕಂಪ್ಯೂಟರ್ ಹಚ್ಚಿದರೆ ವಿಂಡೋಸ್ ತೆರೆಯುವ ಮೊದಲು ಕಪ್ಪು ಪರದೆಯ ಮೇಲೆ ‘ಸ್ಕ್ಯಾನಿಂಗ್ ಅಂಡ್ ರಿಪೇರಿಂಗ್ ಡ್ರೈವ್’ ಎಂಬ ಸಾಲು ಕಾಣುತ್ತದೆ, ಪಕ್ಕದಲ್ಲಿ ನಿಧಾನಕ್ಕೆ ಏರುವ ಶೇಕಡಾ ಅಂಕಿ. ‘ಸರ, ಹಾರ್ಡ್ ಡಿಸ್ಕ್ ಹೋತೇನ್ರಿ?’ ಎಂದು ರಿಪೇರಿಯವರಿಗೆ ಫೋನ್ ಹೋಗುತ್ತದೆ. ಸಾಮಾನ್ಯವಾಗಿ ಹೋಗಿರುವುದಿಲ್ಲ. ಆದರೆ ತಪಾಸಣೆ ಮುಗಿದು ವಿಂಡೋಸ್ ತೆರೆದ ಕೂಡಲೇ ‘ಡಿಸ್ಕ್ ಚಲೋ ಐತಿ’ ಎಂದು ನಿಶ್ಚಿಂತರಾಗುವುದೂ ಸರಿಯಲ್ಲ. ನನ್ನ ಪ್ರಕಾರ ಆ ನಿಶ್ಚಿಂತೆಯೇ ಹೆಚ್ಚು ಅಪಾಯದ್ದು.

ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಖಾತೆ ಪುಸ್ತಕ ಬೇರೆ, ಗೋದಾಮು ಬೇರೆ. ಡಿಸ್ಕ್ ಚೆಕ್ ನೋಡುವುದು ಖಾತೆಯನ್ನು: ಯಾವ ಫೈಲ್ ಎಲ್ಲಿದೆ, ಯಾವ ಜಾಗ ಖಾಲಿ, ಒಂದೇ ಜಾಗವನ್ನು ಇಬ್ಬರ ಹೆಸರಿಗೆ ಬರೆದಿದೆಯೇ. ಗೋದಾಮಿನ ಮಾಡು ಸೋರುತ್ತಿದೆಯೇ ಎಂಬುದು ಬೇರೆಯದೇ ಪ್ರಶ್ನೆ.

ಒಂದು ಫೈಲ್ ಸೇವ್ ಮಾಡಿದಾಗ ಒಂದಲ್ಲ, ಹಲವು ಬರಹಗಳು ನಡೆಯುತ್ತವೆ. ಫೈಲಿನ ಒಳಗಿನ ಮಾಹಿತಿ, ಅದರ ಹೆಸರು ಮತ್ತು ವಿಳಾಸ, ಖಾಲಿ ಜಾಗದ ಲೆಕ್ಕ, ಎಲ್ಲವೂ ಬದಲಾಗಬೇಕು. ನಡುವೆ ಕರೆಂಟ್ ಹೋದರೆ ಒಂದು ಬರೆದು ಇನ್ನೊಂದು ಉಳಿಯುತ್ತದೆ. ಇಂಥ ಅರೆಬರೆ ಕೆಲಸಕ್ಕಾಗಿಯೇ ವಿಂಡೋಸ್‌ನ ಎನ್‌ಟಿಎಫ್‌ಎಸ್, ವಿಂಡೋಸ್‌ನಂತೆಯೇ ಕಂಪ್ಯೂಟರ್ ನಡೆಸುವ ಲಿನಕ್ಸ್‌ನ ಎಕ್ಸ್ಟ್4 ಎಂಬ ಫೈಲ್ ವ್ಯವಸ್ಥೆಗಳು ಮೊದಲೇ ಒಂದು ದಾಖಲೆ ಬರೆದಿಟ್ಟುಕೊಳ್ಳುತ್ತವೆ. ಅದಕ್ಕೆ ಜರ್ನಲ್ ಎನ್ನುತ್ತಾರೆ. ಮತ್ತೆ ಆನ್ ಆದಾಗ ಅದನ್ನು ಓದಿ ಲೆಕ್ಕ ಸರಿಮಾಡಿಕೊಳ್ಳುವುದು ಕ್ಷಣದ ಕೆಲಸ. ಅಷ್ಟಕ್ಕೂ ತಾಳೆಯಾಗದ ದೋಷ ಕಂಡರೆ ವಿಂಡೋಸ್ ಆ ಡ್ರೈವ್ ಮೇಲೆ ಡರ್ಟಿ ಬಿಟ್ ಎಂಬ ಗುರುತು ಹಾಕುತ್ತದೆ. ಮುಂದಿನ ಸಲ ಆನ್ ಮಾಡಿದಾಗ ಈ ಗುರುತು ಕಂಡೇ ತಪಾಸಣೆ ಶುರುವಾಗುತ್ತದೆ. ಸಿ ಡ್ರೈವ್ ಬಳಕೆಯಲ್ಲಿರುವಾಗ ಅದನ್ನು ರಿಪೇರಿ ಮಾಡಲಾಗದು, ಹಾಗಾಗಿ ವಿಂಡೋಸ್ ತೆರೆಯುವ ಮುಂಚೆಯೇ ಈ ಕೆಲಸ. ಲಿನಕ್ಸ್‌ನಲ್ಲಿ ಇದೇ ಕೆಲಸ ಮಾಡುವುದು ಎಫ್‌ಎಸ್‌ಸಿಕೆ. ಹಳೆಯ ಲಿನಕ್ಸ್‌ಗಳಲ್ಲಿ ತೊಂದರೆಯೇನೂ ಇಲ್ಲದಿದ್ದರೂ 180 ದಿನಕ್ಕೊಮ್ಮೆ ತಪಾಸಣೆ ನಡೆಯುತ್ತಿತ್ತು.

ಜರ್ನಲ್ ಕಾಯುವುದು ಲೆಕ್ಕವನ್ನೇ ಹೊರತು ನೀವು ಅರ್ಧ ಮಾಡಿದ ಪತ್ರಿಕೆಯ ಡಿಸೈನನ್ನಲ್ಲ. ತಪಾಸಣೆ ಆದ ಮೇಲೆ ಕೆಲವೊಮ್ಮೆ ಡ್ರೈವ್‌ನಲ್ಲಿ ‘ಫೌಂಡ್.000’ ಎಂಬ ಅಡಗಿದ ಫೋಲ್ಡರ್ ಹುಟ್ಟಿಕೊಂಡಿರುತ್ತದೆ. ವಾರಸುದಾರರಿಲ್ಲದ ತುಣುಕುಗಳನ್ನು ‘ಸಿಎಚ್‌ಕೆ’ ಎಂಬ ಬಾಲದ ಫೈಲುಗಳಾಗಿ ಅಲ್ಲಿ ಇಟ್ಟಿರುತ್ತದೆ. ಕಳೆದ ಕೆಲಸ ಅಲ್ಲಿ ಸಿಗಬಹುದು, ಅಳಿಸುವ ಮೊದಲು ಒಮ್ಮೆ ನೋಡಿ.

ಇನ್ನು ಡಿಸ್ಕಿನ ಆರೋಗ್ಯ. ಅದರ ವರದಿಯನ್ನು ಡಿಸ್ಕೇ ತನ್ನೊಳಗೆ ಬರೆದುಕೊಳ್ಳುತ್ತದೆ. ಈ ವ್ಯವಸ್ಥೆಗೆ ಸ್ಮಾರ್ಟ್ ಎಂದು ಹೆಸರು. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿದರೆ ಓದಬಹುದು. ಪಟ್ಟಿ ಉದ್ದವಾಗಿದೆ, ಆದರೆ ಸುತ್ತುವ ಹಾರ್ಡ್ ಡಿಸ್ಕ್‌ಗೆ ನಾನು ಮೊದಲು ನೋಡುವುದು ನಾಲ್ಕೇ ಸಾಲು. 5ನೆಯ ಸಂಖ್ಯೆಯ ಸಾಲು, ಕೆಟ್ಟ ಸೆಕ್ಟರ್‌ಗಳ (ಡಿಸ್ಕಿನಲ್ಲಿ ಮಾಹಿತಿ ಬರೆಯುವ ಸಣ್ಣ ಖಾನೆಗಳ) ಬದಲಿಗೆ ಡಿಸ್ಕ್ ಎಷ್ಟು ಮೀಸಲು ಸೆಕ್ಟರ್ ಬಳಸಿದೆ ಎಂಬುದು. 197, ಓದಲು ಬಾರದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರ್‌ಗಳು. 198, ಸರಿಪಡಿಸಲಾಗದವು. ಈ ಮೂರರಲ್ಲಿ ಅಂಕಿಗಿಂತ ಅದರ ಓಟ ಮುಖ್ಯ: 5ನೆಯ ಸಾಲಿನಲ್ಲಿ ಸಣ್ಣ ಅಂಕಿ ತಿಂಗಳುಗಟ್ಟಲೆ ಹಾಗೇ ನಿಂತಿದ್ದರೆ ಕಣ್ಣಿಟ್ಟಿರಿ, ವಾರದಿಂದ ವಾರಕ್ಕೆ ಏರುತ್ತಿದ್ದರೆ ಡಿಸ್ಕ್ ಬದಲಿಸಿ. ಆ ತಂತ್ರಾಂಶದಲ್ಲಿ 5ನೆಯ ಸಾಲನ್ನು 05 ಎಂದೂ ಉಳಿದವನ್ನು ಸಿ5, ಸಿ6 ಎಂದೂ ತೋರಿಸುತ್ತದೆ. ಅಂಕಿಗಳೂ ಹದಿನಾರರ ಲೆಕ್ಕದಲ್ಲೇ ಇರುತ್ತವೆ; 10 ಎಂದು ಕಂಡರೆ ನಿಜವಾಗಿ 16.

ನಾಲ್ಕನೆಯದು 199, ಅಲ್ಲಿ ಸಿ7: ಡಿಸ್ಕ್ ಮತ್ತು ಕಂಪ್ಯೂಟರ್ ನಡುವೆ ಮಾಹಿತಿ ಸಾಗುವಾಗ ಆದ ತಪ್ಪುಗಳ ಎಣಿಕೆ. ಇದು ಏರುತ್ತಿದ್ದರೆ ಡಿಸ್ಕನ್ನು ಬೈಯುವ ಮೊದಲು ಕೇಬಲ್ ನೋಡಿ. ಕಾಗದದ ಧೂಳು, ಮಷಿನ್ನುಗಳ ಅದುರಾಟ ಇರುವ ಪ್ರೆಸ್ಸಿನಲ್ಲಿ ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಸಡಿಲವಾಗುವುದು ಹೊಸದಲ್ಲ. ಕೇಬಲ್ ಬದಲಿಸಿದರೂ ಹಳೆಯ ಅಂಕಿ ಸೊನ್ನೆಗೆ ಇಳಿಯುವುದಿಲ್ಲ, ಏರುವುದು ನಿಂತರೆ ಸಾಕು. ಕೇಬಲ್ ಬದಲಿಸಿದರೆ ಹೋಗುವ ಕಾಯಿಲೆಗೆ ಹೊಸ ಡಿಸ್ಕ್ ಕೊಂಡವರನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ಸ್ಮಾರ್ಟ್ ಸುಮ್ಮನಿದೆಯೆಂದು ಮೈಮರೆಯಬೇಡಿ. ಗೂಗಲ್ 2007ರಲ್ಲಿ ತನ್ನ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಅಧ್ಯಯನ ಪ್ರಕಟಿಸಿತು. ಕೆಟ್ಟುಹೋದ ಡಿಸ್ಕ್‌ಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಆ ಅಧ್ಯಯನ ಗುರುತಿಸಿದ ಸ್ಮಾರ್ಟ್‌ನ ನಾಲ್ಕು ಪ್ರಬಲ ಸೂಚನೆಗಳಲ್ಲಿ (ಮೇಲಿನ ನಾಲ್ಕು ಸಾಲುಗಳೇ ಅಲ್ಲ) ಒಂದನ್ನೂ ಕೊಟ್ಟಿರಲಿಲ್ಲ. ಅಂದರೆ ಸ್ಮಾರ್ಟ್ ಕೆಟ್ಟದ್ದು ಹೇಳಿದರೆ ನಂಬಬೇಕು, ಒಳ್ಳೆಯದು ಹೇಳಿದರೂ ಬ್ಯಾಕಪ್ ಇರಬೇಕು.

ಈಗ ಕರೆಂಟ್ ಹೋಗದೆಯೂ, ಸರಿಯಾಗಿ ಬಂದ್ ಮಾಡಿದರೂ ತಪಾಸಣೆ ಮತ್ತೆ ಮತ್ತೆ ಬರುತ್ತಿದ್ದರೆ? ಆಗ ಕೆಲಸದ ಕ್ರಮವೇ ಎಲ್ಲ. ಮೊದಲು ಬೇಕಾದ ಫೈಲುಗಳನ್ನು ಬೇರೆ ಡಿಸ್ಕಿಗೆ ತೆಗೆಯಿರಿ. ಇಡೀ ಡ್ರೈವ್ ಅಲ್ಲ, ಈ ಸೀಸನ್ನಿನ ಕೆಲಸ, ಫಾಂಟುಗಳು, ಲೆಕ್ಕಪತ್ರ ಮೊದಲು. ಆಮೇಲೆ ಸ್ಮಾರ್ಟ್ ನೋಡಿ. ಈ ತಪಾಸಣೆಯನ್ನು ನಾವೇ ಓಡಿಸುವ ವಿಂಡೋಸ್ ಆಜ್ಞೆ ಚೆಕ್‌ಡಿಸ್ಕ್‌ನ ‘ಸ್ಲ್ಯಾಶ್ ಆರ್’ ಆಯ್ಕೆ ಕೊನೆಗೆ. ಹಲವರು ಅದನ್ನೇ ಮೊದಲು ಓಡಿಸುತ್ತಾರೆ. ಅದು ಇಡೀ ಡಿಸ್ಕಿನ ಒಂದೊಂದು ಸೆಕ್ಟರ್ ಓದುತ್ತದೆ, ದೊಡ್ಡ ಡಿಸ್ಕ್‌ಗೆ ತಾಸುಗಟ್ಟಲೆ ಹಿಡಿಯುತ್ತದೆ. ಸಾಯುತ್ತಿರುವ ಡಿಸ್ಕನ್ನು ಅಷ್ಟು ದುಡಿಸಿದರೆ ಉಳಿದದ್ದೂ ಹೋದೀತು. ಟಕ್ ಟಕ್ ಸದ್ದು ಬರುತ್ತಿದ್ದರೆ ಯಾವ ತಂತ್ರಾಂಶವೂ ಬೇಡ, ಬಂದ್ ಮಾಡಿ ಡಾಟಾ ರಿಕವರಿಯವರ ಕೈಗೆ ಕೊಡಿ.

ತಪಾಸಣೆ ಒಂದೇ ಶೇಕಡಾ ಅಂಕಿಗೆ ನಿಂತುಬಿಟ್ಟರೆ ಅವಸರದಲ್ಲಿ ಪವರ್ ಬಟನ್ ಒತ್ತಬೇಡಿ. ಓದಲು ಬಾರದ ಒಂದು ಜಾಗಕ್ಕೆ ಡಿಸ್ಕ್ ಮತ್ತೆ ಮತ್ತೆ ಪ್ರಯತ್ನಿಸುತ್ತಿರಬಹುದು, ಮುಂಭಾಗದ ಲೈಟ್ ಮಿನುಗುತ್ತಿದ್ದರೆ ಕೆಲಸ ನಡೆದಿದೆ. ನೀವೇ ತಪಾಸಣೆ ನಿಗದಿ ಮಾಡಿದ್ದರೆ ಶಟ್‌ಡೌನ್ ಬದಲು ರೀಸ್ಟಾರ್ಟ್ ಕೊಡಿ. ವಿಂಡೋಸ್ ಬೇಗ ತೆರೆಯಲೆಂದು ಇರುವ ಫಾಸ್ಟ್ ಸ್ಟಾರ್ಟ್‌ಅಪ್ ಸೌಲಭ್ಯ ಚಾಲೂ ಇದ್ದರೆ ಶಟ್‌ಡೌನ್ ಪೂರ್ತಿ ಬಂದ್ ಅಲ್ಲ, ತಪಾಸಣೆ ನಡೆಯದೇ ಹೋಗಬಹುದು.

ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಯಲ್ಲಿ ಸುತ್ತುವ ತಟ್ಟೆಯಿಲ್ಲ, ಸದ್ದೂ ಇಲ್ಲ, ಹೋಗುವಾಗ ಒಮ್ಮೆಲೇ ಹೋಗುವುದುಂಟು. ಅದರ ಆರೋಗ್ಯದ ಶೇಕಡಾ ಅಂಕಿ ಹೇಳುವುದು ಬರೆದು ಸವೆದ ಲೆಕ್ಕವನ್ನಷ್ಟೇ. ಖಾತೆಯ ತೊಂದರೆ ಮಾತ್ರ ಅದಕ್ಕೂ ಅಷ್ಟೇ ಇದೆ, ಹಾಗಾಗಿ ಎಸ್‌ಎಸ್‌ಡಿ ಹಾಕಿಸಿದವರಿಗೂ ಯುಪಿಎಸ್ ಬೇಕು. ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆ ಎಂಬುದನ್ನು ಮಳೆ ಬರುವ ಮುಂಚೆಯೇ, ಎಲ್ಲ ಕೆಲಸ ಸೇವ್ ಮಾಡಿ, ಗೋಡೆಯ ಸ್ವಿಚ್ ಆಫ್ ಮಾಡಿ ನೋಡಿಕೊಳ್ಳಿ.