ಹಮಾಲಿ ಒಂದೇ ಯಾಕೆ? ಎಕ್ಸ್‌ಎಂಎಲ್ ಚಿತ್ರಗಳ ಹಿಂದಿನ ಕಥೆ

ಗಂಗಾವತಿಯ ಒಂದು ರೈಸ್ ಮಿಲ್ಲಿನ ಆಫೀಸು. ಭತ್ತ ಖರೀದಿಯ ಬಿಲ್ಲುಗಳನ್ನು ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಎಕ್ಸ್‌ಎಂಎಲ್ ಫೈಲ್ ಮಾಡಿ ಸೇರಿಸಬೇಕಿತ್ತು. ಯಾವ ಮಾಹಿತಿ ಯಾವುದು ಅಂತ ಹೆಸರಿನ ಗುರುತು ಹಾಕಿ ಬರೆಯುವ ಫೈಲ್ ಅದು. ಕೆಲವು ಬಿಲ್ ಸಲೀಸಾಗಿ ಹೋಗುತ್ತಿದ್ದವು, ಕೆಲವು ವಾಪಸ್ ಬರುತ್ತಿದ್ದವು. ಎರಡು ದಿನ ಸಾಲು ಸಾಲಾಗಿ ಹುಡುಕಿದರೂ ನನಗೆ ತಪ್ಪು ಸಿಗಲಿಲ್ಲ. ಕೊನೆಗೆ ಫೈಲಿನ ರಚನೆ ತೋರಿಸುವ ಚಿತ್ರವನ್ನು ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟೆ. ಎಡಗಡೆ 'ಬಿಲ್' ಅನ್ನೋ ಚೌಕ, ಅದರಿಂದ ಬಲಕ್ಕೆ ಕವಲೊಡೆದ ರೈತ, ಭತ್ತ, ಹಮಾಲಿ, ಪಾವತಿ.

ಮಿಲ್ಲಿನ ಹಿರಿಯ ಗುಮಾಸ್ತರು ಕನ್ನಡಕ ಹಾಕಿಕೊಂಡು ನೋಡಿದರು. "ಇಲ್ಲಿ ಹಮಾಲಿ ಒಂದ ಐತಲ್ರಿ. ನಮ್ಮಲ್ಲಿ ಎರಡ ಬೀಳ್ತಾವ. ಇಳಸಾಕೊಂದು, ಏರಸಾಕೊಂದು" ಅಂದರು.

ಅವರು ಎಕ್ಸ್‌ಎಂಎಲ್ ಕಲಿತವರಲ್ಲ. ಆದರೆ ಬಿಲ್ಲಿನಲ್ಲಿ ಏನೇನು ಬರುತ್ತೆ, ಎಷ್ಟು ಸಲ ಬರುತ್ತೆ ಅನ್ನೋದು ಅವರಿಗೆ ಬಾಯಿಪಾಠ. ಕೋಡ್ ಬರೆಯುವವನಿಗೆ ಆ ತಿಳಿವಳಿಕೆ ಇರೋದಿಲ್ಲ. ಇಬ್ಬರೂ ಒಂದೇ ಹಾಳೆ ನೋಡಿ ಮಾತಾಡಬೇಕು ಅಂದರೆ ಚಿತ್ರವೇ ಬೇಕು ಅಂತ ನಾನು ಅವತ್ತಿನಿಂದ ಗಟ್ಟಿಯಾಗಿ ನಂಬಿದ್ದೇನೆ.

ಈ ಎಕ್ಸ್‌ಎಂಎಲ್‌ನ ಕಥೆ ಶುರುವಾಗೋದು 1969ರಲ್ಲಿ. ಐಬಿಎಂನಲ್ಲಿ ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಷರ್, ರೇಮಂಡ್ ಲೋರಿ ಎಂಬ ಮೂವರು ಕಾನೂನು ಕಚೇರಿಗಳ ದಾಖಲೆಗಳನ್ನು ಕಂಪ್ಯೂಟರಿನಲ್ಲಿ ನಿಭಾಯಿಸುವ ಕೆಲಸಕ್ಕೆ ಕೂತಿದ್ದರು. ಅಕ್ಷರ ದಪ್ಪ ಮಾಡು, ಸಾಲು ಬಿಡು ಅಂತ ಹೇಳುವ ಬದಲು 'ಇದು ಶೀರ್ಷಿಕೆ', 'ಇದು ಪ್ಯಾರಾ' ಅಂತ ಗುರುತು ಹಾಕುವ ದಾರಿ ಹಿಡಿದರು. ಅದೇ ಜಿಎಂಎಲ್. ಮೂವರ ಮನೆತನದ ಹೆಸರಿನ ಮೊದಲ ಅಕ್ಷರಗಳೂ ಅವೇ. ಅದು ಬೆಳೆದು 1986ರಲ್ಲಿ ಎಸ್‌ಜಿಎಂಎಲ್ ಅನ್ನೋ ಅಂತರರಾಷ್ಟ್ರೀಯ ಮಾನಕವಾಯಿತು. ಅದನ್ನೇ ಹಗುರ ಮಾಡಿ 1998ರ ಫೆಬ್ರವರಿಯಲ್ಲಿ ಎಕ್ಸ್‌ಎಂಎಲ್ ಬಂತು.

ಗುರುತು ಹಾಕಿದರೆ ಸಾಕಾಗಲ್ಲ, ಯಾವ ಗುರುತಿನೊಳಗೆ ಯಾವುದು ಬರಬೇಕು ಅನ್ನೋ ಕರಾರೂ ಬೇಕಲ್ವಾ? ಅದಕ್ಕೇ ಡಿಟಿಡಿ, ಅಂದರೆ ಡಾಕ್ಯುಮೆಂಟ್ ಟೈಪ್ ಡೆಫಿನಿಷನ್. ನಮ್ಮ ಬಿಲ್ಲಿಗೆ ಬರೆದರೆ ಅದರ ಮುಖ್ಯ ಭಾಗ ಹೀಗಿರುತ್ತದೆ:

(ರೈತ, ಭತ್ತ+, ಹಮಾಲಿ?, (ನಗದು | ಬ್ಯಾಂಕ್))

ಅಲ್ಪವಿರಾಮ ಅಂದರೆ ಇದೇ ಕ್ರಮದಲ್ಲಿ ಬರಬೇಕು. ಕೂಡಿಸುವ ಚಿಹ್ನೆ ಅಂದರೆ ಒಂದಾದರೂ ಇರಲೇಬೇಕು, ಎಷ್ಟಾದರೂ ಇರಬಹುದು. ಪ್ರಶ್ನೆ ಚಿಹ್ನೆ ಅಂದರೆ ಇದ್ದರೆ ಒಂದು, ಇಲ್ಲದಿದ್ದರೂ ಸರಿ. ನಿಂತ ಗೆರೆ ಅಂದರೆ ಎರಡರಲ್ಲಿ ಒಂದು. ಅಂದಹಾಗೆ, ಇಲ್ಲಿ ಕನ್ನಡದ ಹೆಸರು ಸುಮ್ನೆ ಉದಾಹರಣೆಗೆ ಹಾಕಿದ್ದಲ್ಲ. ಎಕ್ಸ್‌ಎಂಎಲ್‌ನ ಮೊದಲ ಆವೃತ್ತಿಯಿಂದಲೇ ಟ್ಯಾಗಿಗೆ, ಅಂದರೆ ಈ ಗುರುತಿಗೆ, ಕನ್ನಡದ ಹೆಸರು ಇಡಬಹುದು. ನಮ್ಮಲ್ಲಿ ಹಾಗೆ ಇಡುವವರು ಕಡಿಮೆ, ಅದು ನನಗೆ ಬೇಸರದ ಸಂಗತಿ.

ನಾಲ್ಕು ಹೆಸರಿದ್ದಾಗ ಈ ಸಾಲು ಚೆಂದ. ನಾನೂರು ಇದ್ದರೆ ಬರೆದವನಿಗೇ ತಲೆ ಸುತ್ತುತ್ತದೆ. ವ್ಯಾಕರಣವನ್ನು ಚಿತ್ರ ಮಾಡಿ ತೋರಿಸುವ ರೂಢಿ ಅಷ್ಟರಲ್ಲಾಗಲೇ ಇತ್ತು. 1970ರ ದಶಕದಲ್ಲಿ ನಿಕ್ಲಾಸ್ ವಿರ್ತ್ ಅವರ ಪ್ಯಾಸ್ಕಲ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ನಿಯಮಗಳನ್ನು ರೈಲು ಹಳಿಗಳಂಥ ಗೆರೆಗಳಲ್ಲಿ ಬಿಡಿಸಿದ್ದರು. ಹಳಿ ಕವಲಾದಲ್ಲಿ ಆಯ್ಕೆ, ಸುತ್ತಿ ಹಿಂದಕ್ಕೆ ಬಂದಲ್ಲಿ ಮರುಕಳಿಕೆ. 1990ರ ದಶಕದಲ್ಲಿ ಈವ್ ಮೇಲರ್ ಮತ್ತು ಜೀನ್ ಎಲ್ ಅಂದಲೂಸಿ ಡಿಟಿಡಿಗಳಿಗಾಗಿ ಮರದ ಆಕಾರದ ಚಿತ್ರಗಳನ್ನು ರೂಪಿಸಿ 'ಎಲ್ಮ್' ಅಂತ ಹೆಸರಿಟ್ಟರು. ವಿಷಯ ಬಲ್ಲವರನ್ನೂ ಜೊತೆಗೆ ಕೂರಿಸಿಕೊಂಡೇ ರಚನೆ ತೀರ್ಮಾನಿಸಬೇಕು ಅನ್ನೋದು ಅವರ ಕ್ರಮ. ನಮ್ಮ ಗುಮಾಸ್ತರಂಥವರನ್ನು ಅಂತಲೇ ಅಂದುಕೊಳ್ಳಿ.

2001ರ ಮೇ ತಿಂಗಳಲ್ಲಿ ಎಕ್ಸ್‌ಎಂಎಲ್ ಸ್ಕೀಮಾ ಅನ್ನೋ, ಡಿಟಿಡಿಯದೇ ಕೆಲಸ ಮಾಡುವ ಹೊಸ ಮಾನಕ ಬಂದಾಗ ಚಿತ್ರದ ಅಗತ್ಯ ಇನ್ನೂ ಜಾಸ್ತಿ ಆಯಿತು. ಡಿಟಿಡಿಯಲ್ಲಿ ಒಂದು ಚಿಹ್ನೆಯಲ್ಲಿ ಮುಗಿಯುತ್ತಿದ್ದ ಮಾತಿಗೆ ಇಲ್ಲಿ ಉದ್ದ ಉದ್ದ ಸಾಲು. ತೂಕ ಅಂದರೆ ಸಂಖ್ಯೆಯೇ ಆಗಿರಬೇಕು, ದಿನಾಂಕ ಅಂದರೆ ದಿನಾಂಕವೇ ಆಗಿರಬೇಕು ಅಂತ ಕಟ್ಟುನಿಟ್ಟು ಮಾಡಬಹುದು, ಅದು ದೊಡ್ಡ ಲಾಭ. ಆದರೆ ಓದೋದು ಕಷ್ಟ. ಇಷ್ಟಾದರೂ ಸ್ಕೀಮಾ ಮಾನಕ ಯಾವ ಚಿತ್ರಭಾಷೆಯನ್ನೂ ಕೊಡಲಿಲ್ಲ. ಸಾಫ್ಟ್‌ವೇರ್ ತಯಾರಕರು ತಮ್ಮ ತಮ್ಮದನ್ನು ಮಾಡಿಕೊಂಡರು. ಒಂದು ಕಡೆ ಕಲಿತ ಗುರುತು ಇನ್ನೊಂದು ಕಡೆ ಹೊಂದದಿರಲು ಕಾರಣ ಇದೇ.

ಜನ ಹೆಚ್ಚಾಗಿ ನೋಡುವುದು ಎಕ್ಸ್‌ಎಂಎಲ್‌ಸ್ಪೈ ಅನ್ನೋ ಸಾಫ್ಟ್‌ವೇರ್‌ನ ಶೈಲಿಯ ಚಿತ್ರ. ಅದರಲ್ಲಿ ಗಟ್ಟಿ ಗೆರೆಯ ಚೌಕ ಇದ್ದರೆ ಆ ಭಾಗ ಇರಲೇಬೇಕು. ಚುಕ್ಕೆ ಗೆರೆಯಾದರೆ ಬಿಟ್ಟರೂ ನಡೆಯುತ್ತೆ. ಒಂದರ ಹಿಂದೆ ಇನ್ನೊಂದು ಚೌಕ ಇಣುಕುತ್ತಿದ್ದರೆ ಹಲವು ಸಲ ಬರಬಹುದು. ಎಷ್ಟು ಸಲ ಅನ್ನೋದು ಅದರ ಕೆಳಗೇ 1..∞ ಅಂತ ಇರುತ್ತದೆ. ಚೌಕಗಳ ನಡುವಿನ ಎಂಟು ಮೂಲೆಯ ಗುರುತಿನಲ್ಲಿ ಸಾಲಾಗಿ ಚುಕ್ಕೆ ಇದ್ದರೆ ಕ್ರಮ ತಪ್ಪುವಂತಿಲ್ಲ, ಸ್ವಿಚ್ಚಿನಂಥ ಗೆರೆ ಇದ್ದರೆ ಒಂದನ್ನು ಮಾತ್ರ ಆರಿಸಬೇಕು. ಹೊಸಬರು ಎಡವುವುದು ಈ ಕ್ರಮದ ವಿಷಯದಲ್ಲೇ. ಎಲ್ಲಾ ಮಾಹಿತಿ ಸರಿಯಿದ್ದರೂ ರೈತನಿಗಿಂತ ಮೊದಲು ಭತ್ತ ಬಂದರೆ ಫೈಲ್ ತಪ್ಪು.

ಹಾಗಾದರೆ ನಮ್ಮ ಹಮಾಲಿ? ಸ್ಕೀಮಾದಲ್ಲಿ ಒಂದು ಭಾಗ ಕನಿಷ್ಠ ಎಷ್ಟು ಸಲ, ಗರಿಷ್ಠ ಎಷ್ಟು ಸಲ ಅಂತ ಬರೆಯದಿದ್ದರೆ ಸರಿಯಾಗಿ ಒಂದೇ ಸಲ ಅಂತ ಅರ್ಥ. ನಮ್ಮ ಬಿಲ್ಲಿನ ಸ್ಕೀಮಾ ಬರೆದವರು ಎರಡನ್ನೂ ಬಿಟ್ಟಿದ್ದರು. ಹಾಗಾಗಿ ಚಿತ್ರದಲ್ಲಿ ಗಟ್ಟಿ ಗೆರೆಯ ಒಂಟಿ ಚೌಕ, ಕೆಳಗೆ ಯಾವ ಅಂಕಿಯೂ ಇಲ್ಲ. ಎರಡು ಹಮಾಲಿ ಇದ್ದ ಬಿಲ್ಲುಗಳು ವಾಪಸ್ ಬರುತ್ತಿದ್ದವು. ರೈತರೇ ಆಳು ಕರೆತಂದು, ಹಮಾಲಿಯೇ ಬೀಳದ ಬಿಲ್ಲುಗಳೂ ವಾಪಸ್ ಬರುತ್ತಿದ್ದವು.

ನಾನು ಕನಿಷ್ಠ ಸೊನ್ನೆ, ಗರಿಷ್ಠಕ್ಕೆ ಮಿತಿಯಿಲ್ಲ ಅಂತ ಬದಲಾಯಿಸಿ ಹೊಸ ಪ್ರಿಂಟ್ ಕೊಟ್ಟೆ. ಗೆರೆ ಚುಕ್ಕೆಯಾಗಿತ್ತು, ಕೆಳಗೆ 0..∞ ಬಂದಿತ್ತು. ಆ ಅಡ್ಡ ಎಂಟು ಏನು ಅಂತ ಗುಮಾಸ್ತರು ಕೇಳಿದರು. ಎಷ್ಟು ಬೇಕಾದರೂ ಹಾಕಬಹುದು ಅಂದೆ.

"ಹಂಗ ಬಿಟ್ರ ಹತ್ತು ಹಮಾಲಿ ಹಾಕ್ತಾರ್ರಿ" ಅಂದವರೇ ಪೆನ್ನು ತಗೊಂಡು ಅದನ್ನು ಹೊಡೆದು ಪಕ್ಕದಲ್ಲಿ 2 ಅಂತ ಬರೆದರು. ಇವತ್ತಿಗೂ ಆ ಫೈಲಿನಲ್ಲಿ ಹಮಾಲಿ 0..2.